16 ಮನೆಗೆ ಒಂದೇ ಇಂಟರ್ನೆಟ್: ಸಾದಾ ಸ್ವಿಚ್ ಸಾಕಾ, ಮ್ಯಾನೇಜ್ಡ್ ಬೇಕಾ?

ಪ್ರಶ್ನೆ: ಸರ್, ನಮ್ಮ ಅಪಾರ್ಟ್‌ಮೆಂಟಿನಲ್ಲಿ 16 ಮನೆ. ಎಲ್ಲರೂ ಸೇರಿ 1 ಗಿಗಾಬಿಟ್‌ನ ಒಂದೇ ಫೈಬರ್ ಕನೆಕ್ಷನ್ ತಗೊಂಡು ಹಂಚಿಕೊಳ್ಳೋಣ ಅಂತಿದ್ದೀವಿ. ರೂಟರ್ ಕೆಳಗೆ ಮೀಟರ್ ಕೋಣೆಯಲ್ಲಿರುತ್ತೆ, ಅಲ್ಲಿಂದ ಪ್ರತಿ ಮನೆಗೂ ಕ್ಯಾಟ್ 6 ಕೇಬಲ್ ಎಳೆಸಿ ಆಗಿದೆ. ಇನ್ನು 24 ಪೋರ್ಟಿನ ಸ್ವಿಚ್ ತರೋದೊಂದೇ ಬಾಕಿ. ಅಂಗಡಿಯವರು ಸಾದಾ ಸ್ವಿಚ್ ಸಾಕು ಅಂತಾರೆ, ಸಮಿತಿಯಲ್ಲೊಬ್ಬರು ಮ್ಯಾನೇಜ್ಡ್ ಬೇಕೇ ಬೇಕು ಅಂತ ಹಟ ಹಿಡಿದಿದ್ದಾರೆ. ಏನು ಮಾಡೋದು?

ಉತ್ತರ: ಸಮಿತಿಯವರ ಹಟ ಸರಿ ಇದೆ. ಮ್ಯಾನೇಜ್ಡ್ ಅಂದರೆ ಪ್ರತಿ ಪೋರ್ಟು ಹೇಗೆ ನಡೆಯಬೇಕು ಅಂತ ನಾವೇ ಸೆಟ್ಟಿಂಗ್ ಬದಲಿಸಬಹುದಾದ ಸ್ವಿಚ್. ಆದರೆ ಅವರು ಸ್ಪೀಡ್ ಜಾಸ್ತಿ ಆಗುತ್ತೆ ಅಂತ ಹೇಳುತ್ತಿದ್ದರೆ ಆ ಕಾರಣ ಮಾತ್ರ ತಪ್ಪು. ಗಿಗಾಬಿಟ್ ಸ್ವಿಚ್ ಸಾದಾ ಆದರೂ ಸ್ಪೀಡಿಗೇನೂ ತೊಂದರೆ ಇಲ್ಲ. ಡಬ್ಬದ ಮೇಲೆ '48 ಗಿಗಾಬಿಟ್ ಸಾಮರ್ಥ್ಯ' ಅಂತ ದೊಡ್ಡದಾಗಿ ಬರೆದಿರುತ್ತಾರಲ್ಲ, ಅದು 24 ಪೋರ್ಟ್, ಹೋಗೋದು ಬರೋದು ಎರಡೂ ಸೇರಿದ ಲೆಕ್ಕ, ಅಷ್ಟೇ. ನಿಮ್ಮ ಲೈನೇ 1 ಗಿಗಾಬಿಟ್ ಇರುವಾಗ ಆ ಅಂಕಿ ನೋಡಿ ಮರುಳಾಗಬೇಡಿ.

ಮ್ಯಾನೇಜ್ಡ್ ಬೇಕಾಗೋದು ಮನೆ ಮನೆ ನಡುವೆ ಗೋಡೆ ಹಾಕೋಕೆ. ಸಾದಾ ಸ್ವಿಚ್ಚಿಗೆ 16 ಮನೆಯೂ ಒಂದೇ ಹಜಾರ ಇದ್ದ ಹಾಗೆ. ಮೇಲಿನ ಮನೆಯವರ ಪ್ರಿಂಟರ್, ಟಿವಿ, ಹಂಚಿಟ್ಟ ಫೋಲ್ಡರ್ ಎಲ್ಲ ಕೆಳಗಿನವರ ಲ್ಯಾಪ್‌ಟಾಪಿನಲ್ಲಿ ಕಾಣಿಸಬಹುದು. ಅದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿದೆ. ಯಾರೋ ಹೊಸ ವೈಫೈ ರೂಟರ್ ತಂದು, ಗೋಡೆಯಿಂದ ಬಂದ ಕೇಬಲನ್ನು ವ್ಯಾನ್ ಪೋರ್ಟಿಗೆ (ಹೊರಗಿನ ಇಂಟರ್ನೆಟ್ ಬರುವ ಕಿಂಡಿ) ಹಾಕುವ ಬದಲು ಲ್ಯಾನ್ ಪೋರ್ಟಿಗೆ (ಮನೆಯೊಳಗಿನ ಸಾಧನಗಳ ಕಿಂಡಿ) ಹಾಕುತ್ತಾರೆ. ಆ ಕ್ಷಣದಿಂದ ಅವರ ರೂಟರ್ ಇಡೀ ಕಟ್ಟಡಕ್ಕೆ ಐಪಿ ಅಡ್ರೆಸ್ (ನೆಟ್‌ವರ್ಕಿನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಹಂಚೋಕೆ ಶುರು ಮಾಡುತ್ತೆ. ಕೆಲವರಿಗೆ ನೆಟ್ ಇರುತ್ತೆ, ಕೆಲವರಿಗಿಲ್ಲ, ಕಾರಣ ಯಾರಿಗೂ ಗೊತ್ತಾಗಲ್ಲ. ಹಂಚಿಕೊಂಡ ನೆಟ್‌ವರ್ಕುಗಳಲ್ಲಿ ಇದು ಮಾಮೂಲಿ.

ಹಾಗಾಗಿ ಖರೀದಿಗೆ ಮುಂಚೆ ಮೂರು ಸೌಲಭ್ಯ ಕೇಳಿ: ಪೋರ್ಟ್ ಐಸೊಲೇಷನ್, ಡಿಎಚ್‌ಸಿಪಿ ಸ್ನೂಪಿಂಗ್, ಲೂಪ್ ಪ್ರೊಟೆಕ್ಷನ್. ಐಸೊಲೇಷನ್ ಹಾಕಿದರೆ ಪ್ರತಿ ಮನೆಯ ಪೋರ್ಟೂ ಕೆಳಗಿನ ರೂಟರಿನ ಜೊತೆ ಮಾತ್ರ ಮಾತಾಡುತ್ತೆ, ಪಕ್ಕದ ಮನೆಯ ಜೊತೆ ಇಲ್ಲ. ಕೆಲವು ಕಂಪನಿಗಳು ಇದನ್ನೇ ಪ್ರೊಟೆಕ್ಟೆಡ್ ಪೋರ್ಟ್ ಅಂತ ಕರೆಯುತ್ತವೆ. ಡಿಎಚ್‌ಸಿಪಿ ಸ್ನೂಪಿಂಗ್ ಅಂದರೆ ಕೆಳಗಿನ ರೂಟರ್ ಬಿಟ್ಟು ಬೇರೆ ಯಾವ ರೂಟರೂ ಅಡ್ರೆಸ್ ಹಂಚದಂತೆ ತಡೆಯೋದು. ಲೂಪ್ ಪ್ರೊಟೆಕ್ಷನ್ ಯಾಕೆ ಅಂದರೆ, ಮನೆಯೊಳಗಿನ ಪುಟ್ಟ ಸ್ವಿಚ್ಚಿಗೆ ಒಂದೇ ಕೇಬಲಿನ ಎರಡೂ ತುದಿ ಚುಚ್ಚುವ ಪುಣ್ಯಾತ್ಮರು ಎಲ್ಲ ಕಡೆ ಇರುತ್ತಾರೆ. ಅದರಿಂದ ಏಳುವ ಬ್ರಾಡ್‌ಕಾಸ್ಟ್ ಗದ್ದಲ (ಎಲ್ಲರಿಗೂ ಕಳಿಸಿದ ಸಂದೇಶ ನಿಲ್ಲದೆ ಸುತ್ತುತ್ತಾ ಇರೋದು) ಎಲ್ಲರ ನೆಟ್ಟನ್ನೂ ಮಲಗಿಸಬಹುದು. ಈ ಮೂರೂ ಇದ್ದರೆ 'ಸ್ಮಾರ್ಟ್ ಮ್ಯಾನೇಜ್ಡ್' ಅಂತ ಬರುವ ಅಗ್ಗದ ವರ್ಗವೇ ಧಾರಾಳ. ಹಾಂ, ಕನೆಕ್ಷನ್ ಕೊಡುವವರ ಕರಾರಿನಲ್ಲಿ ಬೇರೆ ಮನೆಗಳಿಗೆ ಹಂಚೋಕೆ ಅನುಮತಿ ಇದೆಯಾ ಅಂತಲೂ ಮೊದಲೇ ಓದಿಕೊಳ್ಳಿ.

ಪ್ರಶ್ನೆ: ಪ್ರತಿ ಮನೆಗೂ ಬೇರೆ ಬೇರೆ ವಿಲ್ಯಾನ್ ಮಾಡಬೇಕು ಅಂತ ಓದಿದ್ದೆ, ಸರ್?

ಉತ್ತರ: ಮಾಡಬಹುದು, ಅದು ಇನ್ನೂ ಅಚ್ಚುಕಟ್ಟು. ವಿಲ್ಯಾನ್ ಅಂದರೆ ಒಂದೇ ಸ್ವಿಚ್ಚಿನೊಳಗೆ ಮಾಡುವ ಬೇರೆ ಬೇರೆ ನೆಟ್‌ವರ್ಕ್. ಆದರೆ ರೂಟರಿಗೂ ವಿಲ್ಯಾನ್ ಗೊತ್ತಿರಬೇಕು, 16 ಸಬ್‌ನೆಟ್ (ಮನೆಗೊಂದು ಅಡ್ರೆಸ್ ಗುಂಪು) ಬರೆದು ನೋಡಿಕೊಳ್ಳೋರೂ ಒಬ್ಬರು ಬೇಕು. ಅಂಥವರು ನಿಮ್ಮಲ್ಲಿ ಇಲ್ಲದಿದ್ದರೆ ಐಸೊಲೇಷನ್ನಿನಲ್ಲೇ ಇರಿ. ಒಂದು ಎಚ್ಚರಿಕೆ: ಐಸೊಲೇಷನ್ ಸಾಮಾನ್ಯವಾಗಿ ಆ ಸ್ವಿಚ್ಚಿನೊಳಗೆ ಮಾತ್ರ ಕೆಲಸ ಮಾಡುತ್ತೆ. ಮುಂದೆ ಮೇಲಿನ ಮಹಡಿಗೆ ಎರಡನೇ ಸ್ವಿಚ್ ಜೋಡಿಸಿದರೆ, ಮೊದಲನೆಯದರಲ್ಲಿ ಅದಕ್ಕೆ ಹೋಗುವ ಪೋರ್ಟನ್ನೂ ಐಸೊಲೇಟ್ ಮಾಡಿ. ಇಲ್ಲದಿದ್ದರೆ ಮೇಲಿನ ಮನೆಗಳಿಗೂ ಕೆಳಗಿನ ಮನೆಗಳಿಗೂ ಮತ್ತೆ ದಾರಿ ತೆರೆದುಕೊಳ್ಳುತ್ತೆ.

ಮತ್ತೊಬ್ಬರು: ಒಬ್ಬರೇ ದಿನವಿಡೀ ಡೌನ್‌ಲೋಡ್ ಹಾಕಿ ಕೂತರೆ? ಸ್ವಿಚ್ಚಿನಲ್ಲೇ ಪ್ರತಿ ಪೋರ್ಟಿಗೆ ಮಿತಿ ಹಾಕಬಹುದಲ್ವಾ?

ಉತ್ತರ: ಹಾಕಬಹುದು, ನಾನು ಹಾಕಲ್ಲ. 1000 ಮೆಗಾಬಿಟ್ಟನ್ನು 16ರಿಂದ ಭಾಗಿಸಿದರೆ ತಲೆಗೆ 62 ಚಿಲ್ಲರೆ. ಮಧ್ಯರಾತ್ರಿ ಎಲ್ಲರೂ ಮಲಗಿರುವಾಗಲೂ ಎದ್ದಿರುವ ಒಬ್ಬರಿಗೆ 62 ಮಾತ್ರ ಸಿಗೋದು ಯಾವ ನ್ಯಾಯ? ಈ ಹಂಚಿಕೆ ರೂಟರಿನ ಕೆಲಸ. ಕೇಕ್ (CAKE) ಎಂಬ ಕ್ಯೂ ವ್ಯವಸ್ಥೆ, ಅಂದರೆ ಯಾರ ಡೇಟಾ ಯಾವಾಗ ಹೋಗಬೇಕು ಅಂತ ಸರದಿ ಹಚ್ಚುವ ವ್ಯವಸ್ಥೆ, ಇರುವ ರೂಟರ್ ತಗೊಳ್ಳಿ. ಪ್ರತಿ ಮನೆಯಲ್ಲೂ ಅವರವರ ರೂಟರ್ ಇದ್ದರೆ ಒಂದು ಮನೆ ಒಂದೇ ಅಡ್ರೆಸ್ಸಾಗಿ ಕಾಣುತ್ತೆ. ಆಗ ಅಡ್ರೆಸ್ಸಿಗಿಷ್ಟು ಅಂತ ಸಮಪಾಲು ಮಾಡುವ ಸೆಟ್ಟಿಂಗ್ ಇಟ್ಟರೆ ಮನೆಗೊಂದು ಪಾಲು ತಾನಾಗೇ ಬರುತ್ತೆ, ಯಾರೂ ಬಳಸದಾಗ ಪೂರ್ತಿ ಲೈನ್ ಒಬ್ಬರಿಗೇ. ಗಿಗಾಬಿಟ್ ವೇಗದಲ್ಲಿ ಇದನ್ನು ನಡೆಸೋಕೆ ಗಟ್ಟಿ ಪ್ರೊಸೆಸರ್ ಬೇಕು, ಸ್ವಿಚ್ಚಿನಲ್ಲಿ ಉಳಿಸಿದ ಹಣ ಅಲ್ಲಿ ಹಾಕಿ.

ಪ್ರಶ್ನೆ: ಪಿಒಇ (ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟ್ ಕೊಡೋದು) ಇರೋ ಸ್ವಿಚ್ ತರಬೇಕಾ?

ಉತ್ತರ: ಮನೆಗಳಿಗೆ ಬೇಡ. ಕಾರಿಡಾರಿನಲ್ಲಿ ಕ್ಯಾಮೆರಾ ಅಥವಾ ವೈಫೈ ಆಕ್ಸೆಸ್ ಪಾಯಿಂಟ್ ಹಾಕುವುದಿದ್ದರೆ ಮಾತ್ರ. ಆಗಲೂ ಒಂದು ಪೋರ್ಟಿಗೆ 30 ವಾಟ್ ಅನ್ನೋದನ್ನಷ್ಟೇ ನೋಡದೆ, ಎಲ್ಲ ಪೋರ್ಟಿಗೂ ಸೇರಿ ಒಟ್ಟು ಎಷ್ಟು ವಾಟ್ ಅಂತ ಕೇಳಿ. ಅಷ್ಟೂ ಪೋರ್ಟಿಗೆ ಪೂರ್ತಿ ಕೊಡುವಷ್ಟು ಶಕ್ತಿ ಬಹಳಷ್ಟು ಸ್ವಿಚ್ಚುಗಳಲ್ಲಿ ಇರಲ್ಲ.

ಪ್ರಶ್ನೆ: ಕೇಬಲ್ ಪರೀಕ್ಷಿಸೋಕೆ ಲ್ಯಾಪ್‌ಟಾಪ್ ಹಾಕಿ ನೋಡಿದೆವು. ಒಂದು ಮನೆಯಲ್ಲಿ ಮಾತ್ರ 100 ಮೆಗಾಬಿಟ್ ತೋರಿಸ್ತು.

ಉತ್ತರ: ಗಿಗಾಬಿಟ್ಟಿಗೆ ಕೇಬಲಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಸಾಕು. ಬಹುಶಃ ಒಂದು ತಂತಿ ಸರಿಯಾಗಿ ಕೂತಿಲ್ಲ. ಎರಡೂ ತುದಿಯ ಕನೆಕ್ಟರ್ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿಸಿ ನೋಡಿ.