ಸಾರ್ಬಿಟ್ರೇಟ್ ಇಟ್ಟುಕೊಂಡಿರುವವರು ಸಿಲ್ಡೆನಾಫಿಲ್ ತಗೋಬಹುದಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ವಯಸ್ಸು 54, ಹಳೇ ಶುಗರ್ ಇದೆ. ಈಚೆಗೆ ನಿಮಿರುವಿಕೆ ಸರಿಯಾಗಿ ಆಗ್ತಿಲ್ಲ. ಗೆಳೆಯರೊಬ್ಬರು ಸಿಲ್ಡೆನಾಫಿಲ್ 100 ಮಿ.ಗ್ರಾಂ ಮಾತ್ರೆ ಕೊಟ್ಟಿದ್ದಾರೆ, ಇನ್ನೂ ನುಂಗಿಲ್ಲ. ಹೋದ ವರ್ಷ ಎದೆನೋವು ಬಂದಿತ್ತು. ಮತ್ತೆ ಬಂದರೆ ನಾಲಿಗೆ ಕೆಳಗಿಟ್ಟುಕೊಳ್ಳಿ ಅಂತ ಸಾರ್ಬಿಟ್ರೇಟ್ ಬರೆದುಕೊಟ್ಟಿದ್ದರು. ಅದನ್ನು ಬಳಸಿ ಎಷ್ಟೋ ತಿಂಗಳಾಯಿತು. ಈಗ ಸಿಲ್ಡೆನಾಫಿಲ್ ತಗೋಬಹುದಾ?

ಡಾಕ್ಟರ್: ದಯವಿಟ್ಟು ನುಂಗಬೇಡಿ ಸರ್. ಸಾರ್ಬಿಟ್ರೇಟ್ ನೈಟ್ರೇಟ್ ಗುಂಪಿನದು. ಅದೂ ರಕ್ತನಾಳ ಹಿಗ್ಗಿಸುತ್ತದೆ, ಇದೂ ಹಿಗ್ಗಿಸುತ್ತದೆ. ಎರಡೂ ಸೇರಿದರೆ ಬಿಪಿ ಏಕಾಏಕಿ ಕುಸಿದು ಪ್ರಾಣಕ್ಕೇ ಕುತ್ತು. ತಿಂಗಳುಗಳಿಂದ ಬಳಸಿಲ್ಲ ಅಂತ ಧೈರ್ಯ ತಗೋಬೇಡಿ. ಮಾತ್ರೆ ನುಂಗಿದ ರಾತ್ರಿಯೇ ಎದೆ ಹಿಡಿದುಕೊಂಡರೆ, ಮನೆಯವರು ಗಾಬರಿಯಲ್ಲಿ ಮೊದಲು ಹುಡುಕುವುದೇ ಆ ಸಾರ್ಬಿಟ್ರೇಟ್. ನನ್ನ ಭಯ ಅದೇ. ಎದೆನೋವಿಗೇ ಕೊಡುವ ನಿಕೊರಾಂಡಿಲ್ ಮಾತ್ರೆ ತಗೊಳ್ಳುವವರಿಗೂ ಇದೇ ಮಾತು.

ಶಿಶ್ನದ ರಕ್ತನಾಳಗಳು ಹೃದಯದವಕ್ಕಿಂತ ಸಣ್ಣವು. ಹಾಗಾಗಿ ಕೊಬ್ಬು ಕಟ್ಟಿಕೊಂಡ ತೊಂದರೆ ಎಷ್ಟೋ ಜನರಲ್ಲಿ ಮೊದಲು ಅಲ್ಲೇ ಕಾಣಿಸುತ್ತದೆ. ನಿಮಗೆ ಶುಗರೂ ಇದೆ, ಎದೆನೋವೂ ಬಂದಿದೆ. ಈ ವಾರವೇ ಹೃದಯದ ಡಾಕ್ಟರ ಹತ್ತಿರ ಹೋಗಿ, ನಾಚಿಕೆ ಬಿಟ್ಟು ಎಲ್ಲವನ್ನೂ ಹೇಳಿ. ಈ ಮಾತ್ರೆ ಆಗದಿದ್ದರೂ ವ್ಯಾಕ್ಯೂಮ್ ಪಂಪ್‌ನಂಥ ಬೇರೆ ದಾರಿಗಳಿವೆ.

ಇನ್ನೊಬ್ಬರು: ಡಾಕ್ಟ್ರೇ, ನಮ್ಮ ಯಜಮಾನರಿಗೆ 67. ಹೃದಯದ ತೊಂದರೆ ಇಲ್ಲ. ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ತಗೋತಾರೆ. ಅವರ ಡಾಕ್ಟರೇ ಸಿಲ್ಡೆನಾಫಿಲ್ 25 ಬರೆದರು. ಒಂದರಲ್ಲಿ ಪ್ರಯೋಜನ ಆಗಲಿಲ್ಲ, ಎರಡು ನುಂಗ್ತೀನಿ ಅಂತಾರೆ.

ಡಾಕ್ಟರ್: ಬೇಡಮ್ಮ. 65 ದಾಟಿದವರಿಗೆ, ಅದರಲ್ಲೂ ಟ್ಯಾಮ್ಸುಲೋಸಿನ್ ಇರುವವರಿಗೆ, 25ರಿಂದ ಶುರು ಮಾಡುವುದೇ ಸರಿ. ಇಲ್ಲದಿದ್ದರೆ ಎದ್ದು ನಿಂತಾಗ ತಲೆ ಸುತ್ತಿ ಬೀಳಬಹುದು. ಡೋಸ್ ಏರಿಸಬೇಕೋ ಬೇಡವೋ ಬರೆದುಕೊಟ್ಟವರೇ ಹೇಳಲಿ. ಅವರು ನುಂಗಿದ ರೀತಿ ಹೇಗಿತ್ತು ಕೇಳಿ. ಎಣ್ಣೆ, ತುಪ್ಪದ ಭಾರೀ ಊಟವಾದ ಮೇಲೆ ನುಂಗಿದರೆ ನಿಧಾನವಾಗುತ್ತದೆ. ಹಗುರವಾಗಿ ಊಟ ಮಾಡಿ, ಸೇರುವುದಕ್ಕೆ ಒಂದು ಗಂಟೆ ಮುಂಚೆ ನುಂಗಲಿ, ದಿನಕ್ಕೆ ಒಂದೇ ಸಲ. ಮಾತ್ರೆ ತಾನಾಗಿ ಏನೂ ಮಾಡುವುದಿಲ್ಲ. ಆಸೆ, ಸ್ಪರ್ಶ ಬೇಕು. ತಲೆನೋವು, ಮುಖ ಬಿಸಿಯಾಗುವುದು ಸಾಮಾನ್ಯ. ನಿಮಿರುವಿಕೆ 4 ಗಂಟೆ ಕಳೆದರೂ ಇಳಿಯದಿದ್ದರೆ, ಇಲ್ಲವೇ ಕಣ್ಣು ಇದ್ದಕ್ಕಿದ್ದಂತೆ ಮಂಜಾದರೆ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ.

ಮತ್ತೊಬ್ಬರು: ನನಗೆ ಸಿಲ್ಡೆನಾಫಿಲ್ ಗುಂಪಿನದೇ ಆದ ಟಡಾಲಫಿಲ್ ಬರೆದಿದ್ದಾರೆ. ತಗೊಂಡ ಮರುದಿನ ಎದೆನೋವು ಬಂದರೆ?

ಡಾಕ್ಟರ್: ಇದರ ಪರಿಣಾಮ 36 ಗಂಟೆವರೆಗೂ ಇರುತ್ತದೆ. 48 ಗಂಟೆ ಕಳೆಯುವವರೆಗೆ ನೀವಾಗಿ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಟ್ಟುಕೊಳ್ಳಲೇಬಾರದು. 108ಕ್ಕೆ ಕರೆ ಮಾಡಿ, ಬಂದವರಿಗೆ ಮೊದಲ ಮಾತೇ ಟಡಾಲಫಿಲ್ ಯಾವಾಗ ನುಂಗಿದಿರಿ ಎಂಬುದಾಗಿರಲಿ. ಇದನ್ನು ಮನೆಯವರಿಗೂ ಹೇಳಿಡಿ, ಆ ಹೊತ್ತಿಗೆ ನಿಮಗೆ ಮಾತಾಡಲು ಆಗದಿರಬಹುದು.