ಮೊಮ್ಮಗಳ ಹೆಸರಿಗೆ ಷೇರು ಮಾಡಿಸಬಹುದೇ?

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಶಿಕ್ಷಕ. ಮೊಮ್ಮಗಳಿಗೆ ಬರುವ ತಿಂಗಳು ಹನ್ನೆರಡು ತುಂಬುತ್ತದೆ. ಓಲೆ, ಸರ ಎಲ್ಲ ಆಗಿದೆ. 2019ರಲ್ಲಿ ತಲಾ 300 ರೂಪಾಯಿಗೆ ಕೊಂಡ 150 ಷೇರುಗಳು ನನ್ನ ಡಿಮ್ಯಾಟ್ ಖಾತೆಯಲ್ಲಿ (ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಡುವ ಖಾತೆ) ಇವೆ. ಅವನ್ನು ಅವಳಿಗೆ ಕೊಡೋಣವೆಂದಿದ್ದೇನೆ. ಹದಿನೆಂಟಾಗದೆ ಷೇರು ಮಕ್ಕಳ ಹೆಸರಿಗೆ ಬರುವುದಿಲ್ಲ ಎನ್ನುತ್ತಾರೆ ನೆರೆಯವರು. ನಿಜವೇ?

ಉತ್ತರ (ಲೆಕ್ಕಪರಿಶೋಧಕಿ): ನಮಸ್ಕಾರ ಮೇಷ್ಟ್ರೇ. ಒಡೆತನಕ್ಕೆ ವಯಸ್ಸಿನ ಅಡ್ಡಿಯಿಲ್ಲ, ವ್ಯವಹಾರಕ್ಕೆ ಇದೆ. 1872ರ ಕರಾರು ಕಾಯ್ದೆಯಂತೆ ಹದಿನೆಂಟು ತುಂಬದವರು ಕರಾರು ಮಾಡಿಕೊಳ್ಳುವಂತಿಲ್ಲ. ಆದರೆ ಪೂರ್ತಿ ಹಣ ಪಾವತಿಯಾದ ಷೇರನ್ನು ಉಡುಗೊರೆಯಾಗಿ ಪಡೆಯಬಹುದು.

ಮಗುವಿನ ಹೆಸರಿನಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ಡಿಮ್ಯಾಟ್ ಖಾತೆ ಮಾಡಿಸಬೇಕು. ಸಹಿ ಅಪ್ಪ ಅಥವಾ ಅಮ್ಮನದು. ನ್ಯಾಯಾಲಯ ನೇಮಿಸದ ಹೊರತು ತಾತನಾದ ನೀವು ಪೋಷಕರಾಗುವಂತಿಲ್ಲ. ಜಂಟಿ ಖಾತೆಯೂ ಇಲ್ಲ. ಆಮೇಲೆ ನಿಮ್ಮ ಖಾತೆಯಿಂದ ವರ್ಗಾವಣೆ ಚೀಟಿ ಬರೆದು, ಕಾರಣದ ಜಾಗದಲ್ಲಿ ‘ಉಡುಗೊರೆ’ ಎಂದು ನಮೂದಿಸಿ. ಜೊತೆಗೊಂದು ದಾನಪತ್ರ ಬರೆದಿಟ್ಟರೆ ಮುಂದೆ ತೆರಿಗೆಯವರು ಕೇಳಿದಾಗ ತಡಕಾಡಬೇಕಿಲ್ಲ.

ಇನ್ನೊಬ್ಬ ಸದಸ್ಯರು: ಮಗುವಿನ ಹೆಸರಿಗೆ ಹಾಕಿದರೆ ತೆರಿಗೆಯೂ ಉಳಿಯುತ್ತದಲ್ಲವೇ ಮೇಡಂ?

ಉತ್ತರ: ಈ ಆಸೆ ಇಟ್ಟುಕೊಂಡೇ ಅರ್ಧ ಜನ ನನ್ನ ಕಚೇರಿಗೆ ಬರುತ್ತಾರೆ. ಉಳಿಯುವುದಿಲ್ಲ. ತಾತ ಕೊಟ್ಟ ಉಡುಗೊರೆಗೆ ತೆರಿಗೆಯಿಲ್ಲ, ಸರಿ. ಅದರಿಂದ ಬರುವ ಲಾಭಾಂಶವಾಗಲಿ, ಮಾರಿದಾಗಿನ ಲಾಭವಾಗಲಿ ಅಪ್ಪ ಅಮ್ಮಂದಿರಲ್ಲಿ ಯಾರ ಆದಾಯ ಹೆಚ್ಚೋ ಅವರ ಲೆಕ್ಕಕ್ಕೆ ಸೇರುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಗುವೊಂದಕ್ಕೆ ವರ್ಷಕ್ಕೆ 1,500 ರೂಪಾಯಿ ವಿನಾಯಿತಿ ಉಂಟು. ಅದರಲ್ಲಿ ಶಾಲೆಯ ಒಂದು ಜೊತೆ ಬೂಟು ಬಂದರೆ ದೊಡ್ಡದು. ಮೇಷ್ಟ್ರ ಷೇರುಗಳನ್ನು ಮಾರಿದಾಗ ಲಾಭವನ್ನು ಅವರು ಕೊಟ್ಟ 300 ರೂಪಾಯಿಯಿಂದಲೇ ಎಣಿಸಬೇಕು, ಷೇರು ಇಟ್ಟುಕೊಂಡ ಕಾಲವನ್ನೂ 2019ರಿಂದಲೇ. ಹದಿನೆಂಟಾದ ಮೇಲೆ ಮಾರಿದರೆ ತೆರಿಗೆ ಅವಳದೇ. ದೀರ್ಘಾವಧಿ ಲಾಭಕ್ಕೆ ಈಗಿರುವ ವರ್ಷಕ್ಕೆ 1.25 ಲಕ್ಷದ ರಿಯಾಯಿತಿ ಆಗಲೂ ಉಳಿದಿದ್ದರೆ, ಅದೂ ಅವಳಿಗೇ.

ಪ್ರಶ್ನೆ: ಬಿಚ್ಚಿ ಹೇಳುತ್ತೇನೆ ಮೇಡಂ. ಅಳಿಯ ಒಳ್ಳೆಯವನೇ, ಕೈ ಮಾತ್ರ ಧಾರಾಳ. ಅವನು ಮಾರಿಬಿಟ್ಟರೆ?

ಉತ್ತರ: ಪೋಷಕರು ಮಾರಬಹುದು. ಹಣ ಮಗುವಿನ ಖಾತೆಗೇ ಬರುತ್ತದೆ, ಅದನ್ನು ಅವಳ ಹಿತಕ್ಕಾಗಿಯೇ ಬಳಸಬೇಕು. ಆದರೆ ಆ ಖಾತೆಯನ್ನು ನಡೆಸುವವರೂ ಅವರೇ! ನಿಮ್ಮ ಮಗಳನ್ನೇ ಪೋಷಕಿಯನ್ನಾಗಿ ಮಾಡಿಸಿ. ಇನ್ನೊಂದು ಮಾತು: ಕೊಟ್ಟದ್ದನ್ನು ಹಿಂದಕ್ಕೆ ಕೇಳುವಂತಿಲ್ಲ. ಹದಿನೆಂಟಕ್ಕೆ ಅವಳು ಹೊಸ ಪ್ಯಾನ್ ಕಾರ್ಡು, ಸಹಿ, ಕೆವೈಸಿ ಕೊಡುವವರೆಗೆ ಖಾತೆ ಸ್ತಬ್ಧ. ಕೊಟ್ಟ ಮರುದಿನ ಎಲ್ಲ ಮಾರಿ ಸ್ಕೂಟರ್ ಕೊಂಡರೂ ನೀವು ಸುಮ್ಮನಿರಬೇಕು.

ಅದು ಬೇಡವೆನಿಸಿದರೆ ಷೇರು ನಿಮ್ಮಲ್ಲೇ ಇರಲಿ, ಉಯಿಲು ಬರೆಯಿರಿ. ನಾಮಿನಿ ಮಾಡಿದರೆ ಸಾಕು ಎಂದುಕೊಳ್ಳಬೇಡಿ. ನಾಮಿನಿ ವಾರಸುದಾರರ ಪರವಾಗಿ ಇಟ್ಟುಕೊಳ್ಳುವವರಷ್ಟೇ ಎಂಬುದನ್ನು ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಷೇರುಗಳ ವಿಷಯದಲ್ಲೂ ಎತ್ತಿಹಿಡಿದಿದೆ.

ಪ್ರಶ್ನೆ: ಹಾಗಾದರೆ ಐವತ್ತು ಈಗ, ನೂರು ಉಯಿಲಿನಲ್ಲಿ. ಸ್ಕೂಟರಿಗೆ ಐವತ್ತು ಸಾಕು.

ಉತ್ತರ: ಪ್ಯಾನ್ ಅರ್ಜಿಗೆ ಮೊದಲು ಜನನ ಪ್ರಮಾಣಪತ್ರದಲ್ಲೂ ಆಧಾರ್‌ನಲ್ಲೂ ಅವಳ ಹೆಸರು, ಇನಿಷಿಯಲ್ ಒಂದೇ ಥರ ಇವೆಯೇ ನೋಡಿ ಮೇಷ್ಟ್ರೇ. ಹೆಚ್ಚಿನ ಅರ್ಜಿಗಳು ನಿಲ್ಲುವುದು ಅಲ್ಲೇ.