ಮೂರು ಎಕರೆ ಹೊಲಕ್ಕೆ ಗಿಡ ಹಾಕೋದಾ ಬೇಡ್ವಾ?

ಶಿರಾ ಹುಡ್ಗ: ನಮ್ದು ಮೂರು ಎಕರೆ ಖುಷ್ಕಿ, ರಾಗಿ ಕಡ್ಲೆಕಾಯಿ ಬಿಟ್ರೆ ಬೇರೆ ಗತಿ ಇಲ್ಲ. 2023ರಲ್ಲಿ ರಾಜ್ಯದ 236 ತಾಲೂಕಲ್ಲಿ 223 ಬರಪೀಡಿತ ಅಂದ್ರಲ್ಲ, ಆ ವರ್ಷ ಬಿತ್ತಿದ ಬೀಜನೂ ವಾಪಸ್ ಬರ್ಲಿಲ್ಲ. ಈ ಸಲ ನರ್ಸರಿಯಿಂದ ಹೆಬ್ಬೇವು ತಂದು ಹಾಕೋಣ ಅಂದ್ರೆ ಅಪ್ಪ "ನೆರಳಲ್ಲಿ ರಾಗಿ ತೆನೆ ಕಟ್ಟಲ್ಲ" ಅಂತ ಹಟ ಹಿಡ್ದವ್ರೆ.

ಹೊಂಗೆನೆರಳು: ಅಪ್ಪ ಹೇಳೋದು ಸುಳ್ಳಲ್ಲ ಗುರು, ಆದ್ರೆ ಹೊಲದ್ ಮಧ್ಯೆ ಯಾಕ್ ಹಾಕ್ತೀಯ, ಬದುಗೆ ಹಾಕು, ವರ್ಷಾವರ್ಷ ಕೆಳಗಿನ ರೆಂಬೆ ಸವರ್ತಾ ಇರು. ನಮ್ ಬದು ಮೇಲೆ ತಾತನ ಕಾಲದ ಎರಡು ಹುಣಸೆ ಮರ ಅವೆ, ಆ ಬರದಲ್ಲಿ ರಾಗಿ ಮೊಣಕಾಲುದ್ದ ಬಂದು ಒಣಗೋಯ್ತು, ಹುಣಸೆ ಮಾತ್ರ ಕೈ ಬಿಡ್ಲಿಲ್ಲ, ಅವ್ವ ಜಗಲಿ ಮೇಲೆ ಕೂತು ಕುಟ್ಟಿ ಬೀಜ ತೆಗೆದು ಮಾರಿದ ದುಡ್ಡಲ್ಲೇ ಸಾಲದ ಬಡ್ಡಿ ಕಟ್ಟಿದ್ದು. ಬೇರು ಆಳಕ್ಕೆ ಇಳಿದಿರುತ್ತೆ, ಒಂದ್ ಮಳೆ ತಪ್ಪಿದ್ರೆ ಏನೂ ಆಗಲ್ಲ.

ಲೆಕ್ಕಾಚಾರ: ತಾತ ಹಾಕಿದ್ದು ನೀವು ತಿಂತಿದೀರ ಸಾರ್, ಇವ್ರು ಇವತ್ತು ಹಾಕಿದ್ರೆ ಅಲ್ಲೀತಂಕ ಏನ್ ತಿನ್ನೋದು? ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೇಲಿ ಬದುಕಿರೋ ಗಿಡಕ್ಕೆ ಮೂರು ವರ್ಷ 35, 40, 50 ಅಂತ ಒಟ್ಟು 125 ರೂಪಾಯಿ. ನೂರು ಗಿಡ ಉಳಿದ್ರೂ ಹನ್ನೆರಡೂವರೆ ಸಾವಿರ. ಬೇಸಿಗೇಲಿ ಬಿಂದಿಗೆ ಹೊತ್ತು ನೀರು ಹಾಕೋ ಕೂಲಿಗೇ ಸಾಲಲ್ಲ.

ಹೊಂಗೆನೆರಳು: ಕಸಿ ಹುಣಸೆ ತಗೊಂಡ್ರೆ ನಾಕೈದು ವರ್ಷಕ್ಕೆ ಕಾಯಿ ಶುರು ಆಗುತ್ತೆ. ಮಧ್ಯೆ ಮಧ್ಯೆ ನುಗ್ಗೆ, ಗೊಬ್ಬರದ ಸೊಪ್ಪಿನ ಗ್ಲಿರಿಸಿಡಿಯಾ ಚುಚ್ಚಿ, ಸೊಪ್ಪು ಮೊದ್ಲೇ ಸಿಗುತ್ತಲ್ಲ.

ಕೋಲಾರದವ: ನಮ್ ಕಡೆನೂ ಹಿಂಗೇ ಗಿಡ ಹಾಕಿ ಗಿಡ ಹಾಕಿ ಅಂತ ಹೊಲ ಹೊಲನೇ ನೀಲಗಿರಿ ಮಾಡಿದ್ರು, 2017ರಲ್ಲಿ ಸರ್ಕಾರನೇ ಹೊಸದಾಗಿ ನೆಡಬೇಡಿ ಅಂತು. ಹೆಬ್ಬೇವೂ ಪ್ಲೈವುಡ್ಡಿಗೆ ಹೋಗೋ ಮರ, ಫ್ಯಾಕ್ಟ್ರಿಯವ್ರು ಹೇಳಿದ್ದೇ ರೇಟು. ಮೂರು ಎಕರೆನೂ ಅದಕ್ಕೇ ಬಿಟ್ರೆ ಮುದ್ದೆಗೆ ಏನ್ ಮಾಡ್ತೀರ?

ಕುರಿಮಂದೆ: ಎಲ್ರೂ ಯಾವ ಗಿಡ ಅಂತ ಹೇಳ್ತಿದೀರ, ಮೇಕೆ ಬಗ್ಗೆ ಯಾರೂ ಮಾತಾಡ್ತಿಲ್ಲ 😀 ನಾವು ಅರವತ್ತು ಗಿಡ ಹಾಕಿದ್ವಿ, ಸಂಕ್ರಾಂತಿ ಹೊತ್ತಿಗೆ ಹನ್ನೊಂದು ಉಳೀತು. ಬರೀ ಕಡ್ಡಿ. ಮುಳ್ಳು ಕಟ್ಟದೆ ಹಾಕ್ಲೇಬೇಡಿ.

ಶಿರಾ ಹುಡ್ಗ: ಕಸಿ ಹುಣಸೆಗೆ ಅಪ್ಪ ಹೂಂ ಅಂದ್ರು, ಬರೀ ಹತ್ತು ಗಿಡ. ಈಗ ಪಕ್ಕದ ಹೊಲದ ಚಿಕ್ಕಪ್ಪ "ಬೇರು ನನ್ ಕಡೆ ಬಂದ್ರೆ ಕೊಡ್ಲಿ ಹಾಕ್ತೀನಿ" ಅಂತವ್ರೆ.

ಹೊಂಗೆನೆರಳು: ಬದುವಿಂದ ಎರಡು ಮಾರು ಒಳಗೆ ಗುಂಡಿ ತೋಡು. ಅವ್ರ ಕಡೆ ಉದುರಿದ ಕಾಯಿ ಅವ್ರಿಗೇ ಅಂತ ಈಗ್ಲೇ ಹೇಳ್ಬಿಡು.